ನಕ್ಷತ್ರದ ಕಿಂಡಿಯ ಹೊಲಿಗೆ

ಆ ಹೊಲಿಗೆ ಹರಿದದ್ದು ಮಾಮೂ ಮರೆತದ್ದರಿಂದ ಅಲ್ಲ, ನಾನು ಹೇಳದೇ ಇದ್ದದ್ದರಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮಿಕ್ಕ ವಿವರಗಳಲ್ಲಿ ತಪ್ಪಿರಬಹುದು. ಡೇರೆಗಳು ಹನ್ನೆರಡೋ ಹದಿನಾಲ್ಕೋ, ಬಟ್ಟೆ ಕೆನೆಬಣ್ಣದ್ದೋ ಮರಳಿನ ಬಣ್ಣದ್ದೋ — ಖಚಿತವಾಗಿ ಹೇಳಲಾರೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ; ಯಾಕೆ ಎನ್ನುವುದೂ ಮುಂದೆ ಬರುತ್ತದೆ.

ಮಾಮೂ ಎಂದರೆ ನನ್ನ ಅಮ್ಮನ ಅಣ್ಣ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಲವತ್ತು ವರ್ಷ ಮದುವೆಗಳ ಶಾಮಿಯಾನ ಹೊಲಿದವರು. ಗಲ್ಲಿಗೆಲ್ಲ ಉಸ್ತಾದ್. ಅಳತೆಯನ್ನು ಒಂದು ಸಲ ಕೇಳಿದರೆ ಸಾಕು, ಬರೆದುಕೊಳ್ಳುತ್ತಿರಲಿಲ್ಲ. ಬರೆಯಲು ಬರುತ್ತಲೂ ಇರಲಿಲ್ಲ. ಯಾವ ಅಂಗಳಕ್ಕೆ ಎಷ್ಟು ಗಜ, ಯಾವ ಅಂಚಿಗೆ ಯಾವ ಬಣ್ಣ, ಎಲ್ಲ ತಲೆಯಲ್ಲೇ. ಅವರಿಗೆ ಒಂದು ಹೆಮ್ಮೆ ಅಂತ ಇದ್ದರೆ ಅದು ಆ ತಲೆಯ ಬಗ್ಗೆಯೇ.

ಎಂ.ಎ. ಮುಗಿಸಿ ನಾನು ಇಂದಿರಾನಗರದ ಸಣ್ಣ ಕಚೇರಿಯೊಂದನ್ನು ಸೇರಿದ್ದೆ. ರೆಸಾರ್ಟುಗಳಿಗೆ ಬೇಕಾದ್ದನ್ನು ವಿನ್ಯಾಸ ಮಾಡಿ, ತಯಾರಿಸಿ ಕಳಿಸುವ ಕೆಲಸ. ರಾಜಸ್ಥಾನದ ಮರುಭೂಮಿಯಲ್ಲಿ ಸಿರಿವಂತರು ತಂಗುವ ಡೇರೆಗಳಿಗೆ ಆರ್ಡರ್ ಬಂತು. ಒಳಗೆ ರತ್ನಗಂಬಳಿ, ತಾಮ್ರದ ಸ್ನಾನದ ತೊಟ್ಟಿ. ಮಂಚದ ನೇರಕ್ಕೆ ಚಾವಣಿಯಲ್ಲಿ, ಪಾರದರ್ಶಕ ಹಾಳೆ ಹಾಕಿದ ದುಂಡನೆಯ ಕಿಂಡಿ. ಮಲಗಿದಲ್ಲಿಂದಲೇ ನಕ್ಷತ್ರ ನೋಡಬೇಕು. ಹೊಲಿಯಲು ಮಾಮೂ ಹೆಸರು ಹೇಳಿದವಳು ನಾನೇ. ನಕ್ಷೆ ನೋಡಿ ಅವರು ನಮ್ಮ ಕಚೇರಿಯ ಯಜಮಾನರ ಎದುರೇ ನಕ್ಕುಬಿಟ್ಟರು.

"ಶಾಮಿಯಾನದಲ್ಲಿ ತೂತು ಬಿದ್ರೆ ಮದ್ವೆ ಮನೆಯವ್ರು ನನ್ನ ಮೂರು ತಲೆಮಾರು ಬೈತಾರೆ ಸಾರ್. ಇವ್ರು ನೋಡಿದ್ರೆ ತೂತು ಬೇಕೂಂತಾನೇ ಆರ್ಡರ್ ಕೊಡ್ತಾರಲ್ಲಾ!"

ಶಾಮಿಯಾನದವರ ಪದ್ಧತಿ ಒಂದಿದೆ. ಎರಡು ಬಟ್ಟೆ ಸೇರುವಲ್ಲಿ ಅಂಚನ್ನು ಮಡಚಿ, ಆ ಮಡಿಪಿನ ಬಾಯಿ ಕೆಳಗೆ ಬರುವಂತೆ ಹೊಲಿಯುತ್ತಾರೆ — ಮೇಲಿಂದ ಬಿದ್ದ ಮಳೆ ಒಳಕ್ಕೆ ನುಗ್ಗದೆ ಜಾರಿಹೋಗಲಿ ಎಂದು. ಬೆಂಗಳೂರಿನ ಮಳೆ ಕಂಡ ಯಾರೂ ಬೇರೆ ಥರ ಹೊಲಿಯುವುದಿಲ್ಲ. ಆದರೆ ಮರುಭೂಮಿಯಲ್ಲಿ ಮರಳು ಕೆಳಗಿನಿಂದ ಏಳುತ್ತದೆ. ಆ ಬಾಯಿಗೇ ನುಗ್ಗುತ್ತದೆ, ಕೂರುತ್ತದೆ, ಗಾಳಿ ಬಂದಾಗಲೆಲ್ಲ ದಾರವನ್ನು ತೇಯುತ್ತದೆ. ಕಿಂಡಿಯ ಸುತ್ತ ಮಡಚಬೇಡಿ, ಚಪ್ಪಟೆ ಹೊಲಿಗೆ ಹಾಕಿ ಎಂದು ಅಲ್ಲಿಂದ ಇಮೇಲ್ ಬಂತು. ನನಗೆ ಬಂತು. ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಮಾಮೂಗೆ ನಮ್ಮ ಮನೆಮಾತು ದಖನಿಯಲ್ಲಿ ಹೇಳಬೇಕಾದವಳು ನಾನು.

ಹಲಸೂರಿನ ಬಳಿ ಮೆಟ್ರೋದಲ್ಲಿ ನಿಂತು ಅದನ್ನು ಓದಿದೆ. ಸಂಜೆ ಹೇಳಿದರಾಯಿತು ಅಂದುಕೊಂಡೆ. ನಾಲ್ಕು ದಿನ ಕಳೆದು ಗಲ್ಲಿಗೆ ಹೋದಾಗ ಅರ್ಧದಷ್ಟು ಕಿಂಡಿಗಳ ಹೊಲಿಗೆ ಮುಗಿದಿತ್ತು. ಈಗ ಹೇಳಿದರೆ ಎಲ್ಲ ಬಿಚ್ಚಬೇಕು. ತಡ ಮಾಡಿದ್ದು ನಾನೆಂದು ಒಪ್ಪಿಕೊಳ್ಳಬೇಕು. ಒಂದು ಮಡಿಪಿನಿಂದ ಏನಾದೀತು ಅಂದುಕೊಂಡೆ... ಇಲ್ಲ, ಅಷ್ಟೂ ಯೋಚಿಸಲಿಲ್ಲ. ಸುಮ್ಮನಾದೆ, ಅಷ್ಟೆ.

ಚಳಿಗಾಲದ ಮೊದಲ ಬಿರುಗಾಳಿಗೆ ನಾಲ್ಕು ಕಿಂಡಿಗಳು ಕಿತ್ತು ಬಂದವು. ಯಾರಿಗೂ ಪೆಟ್ಟಾಗಲಿಲ್ಲ. ಹರಿದ ತುಂಡೊಂದನ್ನು ರೆಸಾರ್ಟಿನವರು ಕೊರಿಯರ್‌ನಲ್ಲಿ ಕಳಿಸಿದರು. ಯಜಮಾನರು ಮಾಮೂವನ್ನು ಕಚೇರಿಗೆ ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಆ ತುಂಡಿನ ಮಡಿಪಿನೊಳಗೆ ಅವರು ಬೆರಳು ಆಡಿಸಿದಾಗ ಮೇಜಿನ ಮೇಲೆ ಮರಳು ಉದುರಿತು.

"ಕಿಂಡಿ ಸುತ್ತ ಮಡಚ್ಬೇಡಿ ಅಂತ ಮೊದ್ಲೇ ಹೇಳಿದ್ರಲ್ಲ ಉಸ್ತಾದ್?" ಎಂದು ಯಜಮಾನರು ಕೇಳಿದರು.

"ನಂಗ್ಯಾರೂ..." ಎಂದು ಮಾಮೂ ಶುರು ಮಾಡಿದರು.

ಯಜಮಾನರು ನನ್ನ ಕಡೆ ತಿರುಗಿದರು. "ನಸೀಮಾ, ನೀವು ಹೇಳಿದ್ರಿ ತಾನೇ?"

"ಹೇಳಿದ್ದೆ ಸರ್."

ಆಗ ಮಾಮೂ ನನ್ನನ್ನು ನೋಡಿದರೋ, ಆ ಬಟ್ಟೆಯ ತುಂಡನ್ನೋ — ಎಷ್ಟು ಸಲ ನೆನೆದರೂ ತಿಳಿಯುವುದಿಲ್ಲ. ಮಾತು ಮಾತ್ರ ಕಿವಿಯಲ್ಲಿದೆ. "ಹಂಗಾದ್ರೆ ಹೇಳಿರ್ತಾಳೆ ಸಾರ್. ನಮ್ಮುಡುಗಿ ಸುಳ್ಳು ಹೇಳಲ್ಲ. ನಂಗೇ ಮರ್ತೋಗಿರ್ಬೇಕು."

ಸುದ್ದಿ ಗಲ್ಲಿಗೆ ಹೋಗಲು ತಡವಾಗಲಿಲ್ಲ. ಪಕ್ಕದ ಅಂಗಡಿಯವರು "ಏನ್ ಉಸ್ತಾದ್, ಇವತ್ತು ಮನೆ ದಾರಿ ನೆನಪಿದ್ಯಾ?" ಎಂದು ಕಿಚಾಯಿಸುತ್ತಿದ್ದರು. ಮಾಮೂ ಅವರೊಡನೆ ತಾವೂ ನಗುತ್ತಿದ್ದರು. ಆದರೆ ಅಳತೆಯನ್ನು ಎರಡು ಸಲ, ಮೂರು ಸಲ ಕೇಳತೊಡಗಿದರು. ಕತ್ತರಿಸುವ ಮುನ್ನ ಬಟ್ಟೆಯ ಮೇಲೆ ಕೈಯಿಟ್ಟು ನಿಂತೇ ಇರುತ್ತಿದ್ದರು. ವರ್ಷ ತುಂಬುವುದರೊಳಗೆ ಕತ್ತರಿಯನ್ನು ಬೇರೆಯವರಿಗೆ ಕೊಟ್ಟು ಬಟ್ಟೆಗೆ ಹಗ್ಗ ಪೋಣಿಸುವ ಕೆಲಸಕ್ಕೆ ಕೂತರು.

ಇದು ಮರೆವಿನ ಕಾಯಿಲೆಯೇ ಇರಬೇಕೆಂದು ಮುಮಾನಿಗೆ, ಅಂದರೆ ಮಾಮೂ ಹೆಂಡತಿಗೆ, ಭಯ. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಅಂದರು ಡಾಕ್ಟರು. ಮಾಮೂ ಗಜ ಎಣಿಸುವ ವೇಗದಲ್ಲಿ ಎರಡಕ್ಕೆ ಬಂದು ನಿಂತರು. ಡಾಕ್ಟರು ನಕ್ಕು, ಏನೂ ತೊಂದರೆಯಿಲ್ಲ ಎಂದು ಕಳಿಸಿದರು. ಹೊರಗಿನ ಬೆಂಚಿನಲ್ಲಿ ಕೂತು ಮಾಮೂ ಮೆಲ್ಲಗೆ ಕೇಳಿದರು: "ಏನೂ ಇಲ್ವಂತೆ. ಹಂಗಾದ್ರೆ ನೀನ್ ಹೇಳಿದ್ದು ನಂಗ್ಯಾಕೆ ನೆನಪಿಲ್ಲ ಬೇಟಾ?"

"ಆಟೋ ಕರೀತೀನಿ" ಎಂದು ನಾನು ಎದ್ದೆ.

ಮುಂದಿನ ವರ್ಷಗಳಲ್ಲಿ ನನ್ನ ಬಳಿ ಒಂದು ನೆನಪೂ ತಯಾರಾಯಿತು. ಅಂಗಡಿಯ ಬಾಗಿಲಲ್ಲಿ ನಿಂತು ನಾನು ಹೇಳುತ್ತಿದ್ದೇನೆ. ಮಾಮೂ ಕಪ್ಪು ಚೌಕಟ್ಟಿನ ಕನ್ನಡಕ ತೆಗೆದು ತಲೆಯಾಡಿಸುತ್ತಿದ್ದಾರೆ. ಎಷ್ಟು ಸ್ಪಷ್ಟವೆಂದರೆ ಕೆಲವು ವರ್ಷ ಅದನ್ನೇ ನಂಬಿದೆ. ಆಮೇಲೊಂದು ದಿನ ಹೊಳೆಯಿತು — ಆ ಕನ್ನಡಕ ಬಂದದ್ದು ಕಣ್ಣಿನ ಆಪರೇಷನ್ ಆದಮೇಲೆ, ಡೇರೆಗಳು ಹೋಗಿ ಎರಡು ವರ್ಷಕ್ಕೆ. ಅಂಥದೊಂದು ದಿನ ಇರಲೇ ಇಲ್ಲ. ಅವರು ತಮ್ಮ ಒಳ್ಳೆಯ ನೆನಪನ್ನು ಅನುಮಾನಿಸುತ್ತ ಕೂತಿದ್ದಾಗ ನಾನು ನನ್ನ ಸುಳ್ಳು ನೆನಪಿನ ಮೇಲೆ ನಿಶ್ಚಿಂತಳಾಗಿದ್ದೆ. ಹೊಳೆದ ಮೇಲೂ ಬಾಯಿ ಬಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ಕಚೇರಿ ಕೆಲಸಕ್ಕೆ ಆ ಮರುಭೂಮಿಗೇ ಹೋಗಬೇಕಾಯಿತು. ಒಂದು ಡೇರೆಯಲ್ಲಿ ನನ್ನನ್ನು ಇಳಿಸಿದರು. ರಾತ್ರಿ ದೀಪ ಆರಿಸಿ ಮಲಗಿದೆ. ಆ ಕಿಂಡಿಯ ತುಂಬ ನಕ್ಷತ್ರಗಳು; ಸಿ.ವಿ. ರಾಮನ್ ನಗರದ ನನ್ನ ಮನೆಯ ತಾರಸಿಯಿಂದ ಬೆರಳೆಣಿಕೆಯಷ್ಟೂ ಕಾಣುವುದಿಲ್ಲ. ಆದರೂ ಕಣ್ಣು ಅಂಚಿಗೇ ಹೋಯಿತು. ಮಂಚದ ಮೇಲೆ ಕುರ್ಚಿಯಿಟ್ಟು ಹತ್ತಿ ಮುಟ್ಟಿ ನೋಡಿದೆ. ಕಿಂಡಿಯ ಸುತ್ತ ಬೇರೆ ಯಾರೋ ಹಾಕಿದ ಚಪ್ಪಟೆ ಹೊಲಿಗೆ. ಉಳಿದ ಡೇರೆಯೆಲ್ಲ ಮಾಮೂ ಕೈಯದೇ, ಒಂದು ದಾರವೂ ಸಡಿಲವಾಗಿರಲಿಲ್ಲ.

ಊರಿಗೆ ಬಂದು ಯಜಮಾನರಿಗೆ ನಿಜ ಹೇಳಿದೆ. "ಅಯ್ಯೋ, ಅದೆಲ್ಲ ಹಳೇ ಕಥೆ, ಬಿಡಿ ನಸೀಮಾ" ಅಂದರು. ಗಲ್ಲಿಯ ಅಂಗಡಿಗಳಿಗೂ ಒಂದೊಂದಾಗಿ ಹೋಗಿ ಹೇಳಿದೆ. ಹೀಗೆ ಮಾಡಿದ್ದರಿಂದ ಏನೂ ಸರಿಹೋಗಲಿಲ್ಲ. ಆ ಕತ್ತರಿಯನ್ನು ಮಾಮೂ ಮತ್ತೆ ಹಿಡಿದಿಲ್ಲ.

ಕೊನೆಗೆ ಮಾಮೂ ಮನೆಗೆ ಹೋದೆ. ಮೊದಲು ಹೋಗಬೇಕಾದ ಜಾಗಕ್ಕೆ ಕೊನೆಗೆ ಹೋದೆ ಎನ್ನುವುದನ್ನೂ ಬರೆದಿಡಬೇಕು. ಎಲ್ಲ ಹೇಳಿ, ಒಂದು ಪ್ರಶ್ನೆ ಕೇಳಿದೆ. ಅವರು ಒಳಗೆ ತಿರುಗಿ ಮುಮಾನಿಗೆ "ಇವ್ಳಿಗೆ ಊಟ ಹಾಕು" ಅಂದರು. ಅದಾದ ಮೇಲೂ ಎರಡು ಸಲ ಹೋಗಿಬಂದಿದ್ದೇನೆ. ಕೂರಿಸುತ್ತಾರೆ, ಮಾತಾಡಿಸುತ್ತಾರೆ, ನನ್ನ ಆರೋಗ್ಯ ಕೇಳುತ್ತಾರೆ. ಆ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ.

"ಮಾಮೂ, ಅವತ್ತು ಆ ಬೆಂಚಲ್ಲಿ ಕೂತು ಕೇಳಿದ್ರಲ್ಲ — ನಾನು ಹೇಳೇ ಇರ್ಲಿಲ್ಲ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ವಾ, ಇಲ್ಲಾ ನಾನೇ ಹೇಳ್ಲಿ ಅಂತ ಕಾಯ್ತಿದ್ರಾ?"