ಕತ್ತರಿ ಮಾಮನ ಶಿಷ್ಯ ಮೊದ್ದು

ಬೀದಿಯವರಿಗೆಲ್ಲ ಅವನು ಕತ್ತರಿ ಮಾಮ. ಅಪ್ಪನ ಕೈಯಿಂದ ಕ್ಷೌರದಂಗಡಿಯ ಕತ್ತರಿ ತೆಗೆದುಕೊಂಡ ದಿನದಿಂದ ಅವನ ಕೈ ಸುಮ್ಮನಿದ್ದದ್ದಿಲ್ಲ. ಗಿರಾಕಿ ಒಳಗೆ ಬಂದರೆ ಸಾಕು, ಬಿಳಿ ಬಟ್ಟೆಯನ್ನು ಫಟ್ಟೆಂದು ಒದರಿ, ಹಳೆಯ ಕೂದಲು ಹಾರಿಸಿ, "ಕೂತ್ಕೊಳ್ಳಿ" ಅನ್ನುತ್ತಿದ್ದ. ಬಟ್ಟೆ ಒದರದೆ ಒಬ್ಬರನ್ನೂ ಕೂರಿಸಿದವನಲ್ಲ.

ಅವನ ನಾಯಿ ಮೊದ್ದುವಿಗೆ ಜನರನ್ನು ಕಂಡರೆ ಪ್ರಾಣ. ಮುಂಗಾಲೆತ್ತಿ ಎದೆಗೇ ಹಾರುತ್ತಿತ್ತು. ಒಂದು ಬೆಳಿಗ್ಗೆ ಮಹಡಿಯಿಂದ ಇಳಿಯುತ್ತಿದ್ದ ಬಾಡಿಗೆ ಮನೆಯ ಒಡತಿಯ ಮೇಲೆ ಅದು ಹಾರಿದಾಗ, ಅವರ ಕೈಯಲ್ಲಿದ್ದ ಹಾಲಿನ ಪಾತ್ರೆ ಮೆಟ್ಟಿಲುದ್ದಕ್ಕೂ ಉರುಳಿತು.

"ನೋಡಪ್ಪ, ನನ್ನ ಮೊಣಕಾಲೇ ನನ್ನ ಮಾತು ಕೇಳಲ್ಲ. ಇನ್ನು ಇದೂ ಕೇಳಲ್ಲ ಅಂದ್ರೆ ಹೇಗೆ? ಭಾನುವಾರ ಇಳಿದು ಬರ್ತೀನಿ. ಹೇಳಿದ ತಕ್ಷಣ ಕೂತ್ರೆ ಸರಿ, ಇಲ್ಲಾಂದ್ರೆ ಇದಕ್ಕೆ ಬೇರೆ ಮನೆ ನೋಡು," ಅಂದರು.

ಮಾಮ ಮೊದ್ದುವನ್ನು ಅಂಗಡಿಗೇ ಕರೆದೊಯ್ದ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಪಾಠ. ಕೂತರೆ ಬಿಸ್ಕತ್ತಿನ ಚೂರು. ಹಾರಿದರೆ ಮಾಮ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. ವಾರ ಮುಗಿಯುವಷ್ಟರಲ್ಲಿ ಮೊದ್ದು ಹೇಳಿದ ಕೂಡಲೇ ಕುಕ್ಕರಿಸತೊಡಗಿತು.

"ಇವನಿಗೆ ಮೊದ್ದು ಅಂತ ಹೆಸರಿಟ್ಟೋರೇ ಮೊದ್ದು!" ಎಂದು ಮಾಮ ಮನೆಯಲ್ಲಿ ಕೊಚ್ಚಿಕೊಂಡ.

"ಹೆಸರಿಟ್ಟಿದ್ದು ನೀವೇ," ಅಂದಳು ಹೆಂಡತಿ.

ಭಾನುವಾರ ಒಡತಿ ಇಳಿದು ಬಂದರು. "ಮೊದ್ದು, ಕೂತ್ಕೋ!" ಅಂದ ಮಾಮ. ಮೊದ್ದು ಬಾಲ ಅಲ್ಲಾಡಿಸಿತು. "ಕೂತ್ಕೋ ಮರಿ, ಮಾನ ಕಳೀಬೇಡ!" ಅದು ಒಡತಿಯನ್ನು ನೋಡುತ್ತ ಮುಂಗಾಲೆತ್ತಲು ಸಜ್ಜಾಯಿತು. ಮಾಮ ಕೊರಳಪಟ್ಟಿ ಹಿಡಿದ.

"ಅಂಗಡೀಲಿ ಕೂರ್ತಿತ್ತಮ್ಮ, ನಿಜವಾಗ್ಲೂ!"

"ಹಾಗಾದ್ರೆ ಅಂಗಡೀಲೇ ಇರ್ಲಿ ಬಿಡು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ರೀ, ಅಲ್ಲಿ ಹೇಗೆ ಹೇಳ್ತಿದ್ರೋ ಹಾಗೇ ಹೇಳಿ ನೋಡೋಣ," ಅಂದಳು.

"ಹೀಗೇ ಕಣೇ..." ಎನ್ನುತ್ತ ಪಟ್ಟಿ ಬಿಟ್ಟ ಅವನ ಕೈಗಳು, ಇಲ್ಲದ ಬಟ್ಟೆಯನ್ನು ಗಾಳಿಯಲ್ಲಿ ಒದರಿದವು. ಮೊದ್ದುವಿನ ಕಿವಿ ನಿಮಿರಿತು. ಹೆಂಡತಿ ತಂತಿಯ ಮೇಲಿದ್ದ ಟವೆಲ್ ಎಳೆದು ಅವನತ್ತ ಎಸೆದಳು.

ಮಾಮ ಹಿಡಿದು ಒದರಿದ. ಫಟ್! ಮೊದ್ದು ಕೂತೇಬಿಟ್ಟಿತು.

"ಅಯ್ಯೋ, ಪ್ರತಿ ಸಲ ಬಟ್ಟೆ ಒದರಿಯೇ ಹೇಳಿದೀನಿ! ಇದು ಕಲಿತಿದ್ದು ಅದನ್ನ," ಎಂದು ಮಾಮ ತಲೆ ಚಚ್ಚಿಕೊಂಡ. "ಇನ್ನೊಂದು ವಾರ ಕೊಡಿ ಅಮ್ಮ, ಕೈ ಕಟ್ಟಿಕೊಂಡು ಕಲಿಸ್ತೀನಿ."

ಒಡತಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಕೈ ಕಟ್ಟೋಕೆ ಯಾರಿಂದಾಗುತ್ತೆ? ಕೊಡು ಇಲ್ಲಿ ಆ ಟವೆಲ್ಲು."

ಮೊದ್ದು ಎದ್ದು ಅವರತ್ತ ನುಗ್ಗಿತು. ಅವರು ಒದರಿದರು. ಮೊದ್ದು ಕೂತಿತು.

ಈಗ ಒಡತಿ ಇಳಿಯುವಾಗ ಹೆಗಲ ಮೇಲೊಂದು ಟವೆಲ್ ಇರುತ್ತದೆ. ಮೇಲಿನ ಮೆಟ್ಟಿಲಲ್ಲಿ ಫಟ್ಟೆಂದರೆ ಕೆಳಗೆ ಮೊದ್ದು ಕೂತು, ಅವರು ಬಿಸ್ಕತ್ತು ತಂದಿದ್ದಾರೋ ಎಂದು ಕೈ ನೋಡುತ್ತದೆ. ತಂದಿರುತ್ತಾರೆ.