ಅತ್ತಿಗೆಯ ಹೆಸರಿನ ಚೀಟಿ

ನನ್ನ ತಲೆಯ ಮೊದಲ ಬೋಳು ಅತ್ತಿಗೆಯ ಕಣ್ಣಿಗೆ ಬಿತ್ತು. ಶುಕ್ರವಾರ ತಲೆಗೆ ಎರೆದುಕೊಂಡು ಹಿತ್ತಿಲ ಬಿಸಿಲಿನಲ್ಲಿ ಕೂತಿದ್ದೆ. ಸಿಕ್ಕು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ಇದೇನೇ, ಕಿವಿ ಹಿಂದೆ ಒಂದು ಕೂದಲೂ ಇಲ್ಲವಲ್ಲ?" ಅಂದಳು. ಮುಟ್ಟಿ ನೋಡಿಕೊಂಡೆ. ಒಂದು ರೂಪಾಯಿ ಅಗಲ, ನುಣ್ಣಗೆ. ನೋವಿಲ್ಲ, ತುರಿಕೆಯಿಲ್ಲ. ಅದು ಹೇಗಾಯಿತು ಅನ್ನುವುದಕ್ಕಿಂತ ಮೊದಲು ನನಗೆ ಬಂದ ಯೋಚನೆ ಬೇರೆ: ಇವಳಿಗೇ ಏಕೆ ಕಾಣಬೇಕಿತ್ತು?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷ ಆಗಿತ್ತು. ಅಣ್ಣ ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ, ಹಾಜರಿ ಬರೆಯುವವನು. ಅಪ್ಪ ಅವ್ವ ತೀರಿಕೊಂಡ ಮೇಲೆ ನಾನು ಅವನ ಜೊತೆ ಎಸ್ಟೇಟಿನ ಕ್ವಾರ್ಟರ್ಸಿನಲ್ಲೇ ಇದ್ದೆ. ಆರು ವರ್ಷ ಆ ಮನೆಯ ಒಲೆ ನನ್ನದಾಗಿತ್ತು. ಆಮೇಲೆ ಅತ್ತಿಗೆ ಬಂದಳು. ನನಗಿಂತ ಒಂದು ವರ್ಷ ಚಿಕ್ಕವಳು. ಅವಳ ಜಡೆ ಮೊಣಕಾಲು ಮುಟ್ಟುತ್ತಿತ್ತು. ಅಣ್ಣ ಊಟಕ್ಕೆ ಕೂತಾಗ ಅವಳು ಬಗ್ಗಿ ಬಡಿಸಿದರೆ ಜಡೆ ಮುಂದಕ್ಕೆ ಜಾರುವುದು, ಅವನು ಅದನ್ನು ನೋಡುವುದು, ಇವೆರಡನ್ನೂ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಎರಡು ತಿಂಗಳಲ್ಲಿ ನನ್ನ ತಲೆಯಲ್ಲಿ ಅಂಥ ಬೋಳು ಐದಾದವು. ಹುಳ ತಿಂದಿದೆ ಎಂದರು ಕೆಲವರು. ಈರುಳ್ಳಿ ಉಜ್ಜಿದೆ, ಗುಲಗಂಜಿ ತೇದು ಹಚ್ಚಿದೆ. ಚರ್ಮ ಸುಟ್ಟಿತೇ ಹೊರತು ಕೂದಲು ಬರಲಿಲ್ಲ. ಪೇಟೆಯ ಡಾಕ್ಟರು ಮೈಸೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ ಅಂದರು. ಅಣ್ಣನ ಸಂಬಳದಲ್ಲಿ ಅದು ಆಗುವ ಮಾತಾಗಿರಲಿಲ್ಲ.

ಸುತ್ತಲಿನ ಎಸ್ಟೇಟುಗಳೆಲ್ಲ ಸೇರಿ ನಡೆಸುತ್ತಿದ್ದ ಒಂದು ಆಸ್ಪತ್ರೆ ಏಳು ಮೈಲಿ ಆಚೆ ಇತ್ತು. ಆಫೀಸಿನಿಂದ ಚೀಟಿ ತಂದರೆ ಔಷಧ ಪುಕ್ಕಟೆ. ಆದರೆ ಚೀಟಿ ಕೆಲಸದವರಿಗೆ, ಅವರ ಹೆಂಡತಿಗೆ, ಮಕ್ಕಳಿಗೆ, ಹೆತ್ತವರಿಗೆ ಮಾತ್ರ. ತಂಗಿ ಆ ಪಟ್ಟಿಯಲ್ಲಿ ಇರಲಿಲ್ಲ. ಕೂಲಿಯವರ ಲೈನುಮನೆಗಳಲ್ಲಿದ್ದ ತಮಿಳು ಹೆಂಗಸೊಬ್ಬಳು ಮಗುವಿನ ಕಜ್ಜಿಗೆ ಚೀಟಿ ಹಿಡಿದು ನಮ್ಮ ಮನೆ ಮುಂದೆಯೇ ಹೋಗುತ್ತಿದ್ದಳು. ಅವಳ ಸೀರೆಗೆ ನಾಲ್ಕು ತೇಪೆ. ಆದರೂ ಆ ಕಾಗದ ನೋಡಿ ಅವಳ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅತ್ತಿಗೆ ಮಡಿಚಿದ ಚೀಟಿಯೊಂದನ್ನು ನನ್ನ ಕೈಗಿಟ್ಟಳು. ಅವಳದೇ ಹೆಸರಿತ್ತು.

"ಕೂದಲು ಉದುರ್ತಿದೆ ಅಂತ ನಿಮ್ಮಣ್ಣನ ಹತ್ರ ನನ್ನ ಹೆಸರಿಗೆ ಬರೆಸಿಕೊಂಡೆ. ಅಲ್ಲಿ ನನ್ನ ಮುಖ ಯಾರಿಗೆ ಗೊತ್ತು? ನೀನು ಹೋಗಿ ಬಾ."

"ಅಣ್ಣನಿಗೆ ತಿಳಿದರೆ?"

"ನಾನು ಹೇಳಲ್ಲ. ನೀನು ಹೇಳ್ತೀಯಾ?"

ಪೆಟ್ಟಿಗೆಯಿಂದ ಒಂದು ಕರಿಮಣಿ ಸರ ತೆಗೆದು ನನ್ನ ಕೊರಳಿಗೆ ಹಾಕಿದಳು. ತನ್ನ ಕಾಲುಂಗುರ ಬಿಚ್ಚಿ ಕೊಟ್ಟಳು. ಅವು ನನಗೆ ಬಿಗಿಯಾದವು, ಸೋಪು ಹಚ್ಚಿ ತೂರಿಸಿದಳು. ಇಷ್ಟೆಲ್ಲ ಮಾಡಿದವಳಿಗೆ ನಾನು ಕೈ ಮುಗಿಯಬೇಕಿತ್ತು. ಕೊಡುವುದಕ್ಕೂ ಇವಳ ಹತ್ತಿರ ಇಷ್ಟಿದೆಯಲ್ಲ ಎಂದು ಸಂಕಟಪಟ್ಟೆ.

ಡಾಕ್ಟರು ವಯಸ್ಸಾದ ಮಲಯಾಳಿ. ಸೆರಗು ಸರಿಸಿ ತಲೆಯನ್ನೆಲ್ಲ ನೋಡಿದರು.

"ಇದು ಯಾಕೆ ಬರ್ತದೆ ಅಂತ ನನಗೆ ಗೊತ್ತಿಲ್ಲಮ್ಮ. ಗೊತ್ತಿದೆ ಅಂತ ಹೇಳುವವರು ಸುಳ್ಳು ಹೇಳ್ತಾರೆ. ಮನೆಯಲ್ಲಿ ಎಂತಾದರೂ ಬೇಜಾರು ಉಂಟಾ? ಗಂಡ ಹೇಗೆ?"

"ತುಂಬ ಒಳ್ಳೆಯವರು," ಅಂದೆ.

"ಮಕ್ಕಳು?"

"ಇನ್ನೂ ಇಲ್ಲ."

ಸುಳ್ಳು ಹೇಳುತ್ತಿದ್ದೇನೆ ಅನಿಸಲೇ ಇಲ್ಲ. ಕಾಂಪೌಂಡರ್ ಅತ್ತಿಗೆಯ ಹೆಸರು ಕೂಗಿದಾಗ ಬೆಂಚಿನಿಂದ ಎದ್ದು ಹೋಗುವುದು ನನಗೆ ಎಷ್ಟು ಹಿತವಾಗಿತ್ತೆಂದರೆ, ಸೀಸೆ ತೆಗೆದುಕೊಂಡ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಕಂದು ಬಣ್ಣದ ಆ ನೀರನ್ನು ಬೋಳಿನ ಮೇಲೆ ದಿನಾ ಸವರಬೇಕು, ತಿಂಗಳಿಗೊಮ್ಮೆ ಬರಬೇಕು. ನಾಲ್ಕು ತಿಂಗಳು ಹೀಗೆ ಹೋದೆ. ಮನೆಗೆ ಬಂದು ಕಾಲುಂಗುರ ಬಿಚ್ಚುವಾಗಲೆಲ್ಲ ಯಾರೋ ನನ್ನದನ್ನು ಕಿತ್ತುಕೊಂಡ ಹಾಗಾಗುತ್ತಿತ್ತು.

ಅಷ್ಟರಲ್ಲಿ ಅತ್ತಿಗೆ ಬಸುರಿಯಾದಳು. ಅಣ್ಣ ಆಸ್ಪತ್ರೆಗೆ ಕರೆದರೆ, "ನಮ್ಮವ್ವನ ಮನೆ ಹತ್ರ ಸೂಲಗಿತ್ತಿ ಇದ್ದಾಳೆ, ಸಾಕು" ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಯಾಕೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ರೈಟರ ಹೆಂಡತಿಗೆ ತಲೆ ತುಂಬ ಬೋಳು. ಮೊಣಕಾಲುದ್ದದ ಜಡೆಯವಳು ಅಲ್ಲಿಗೆ ಹೋಗಿ ಆ ಹೆಸರು ಹೇಳುವುದು ಹೇಗೆ?

ನಾನು ಬಾಯಿ ಬಿಡಲಿಲ್ಲ. ಗಂಡ, ಕೂದಲು, ಈಗ ಮಗು. ಅವಳಿಗೆ ಇಷ್ಟೆಲ್ಲ ಇರುವಾಗ ಒಂದು ಚೀಟಿಯಾದರೂ ನನಗಿರಲಿ ಅಂದುಕೊಂಡೆ. ಐದನೇ ಸಲವೂ ಔಷಧ ತಂದೆ. ಅವಳೇ ಕಾಲುಂಗುರ ಬಿಚ್ಚಿಕೊಟ್ಟಳು. ಆ ಸಲ ಅವು ಅವಳ ಬೆರಳಿನಿಂದಲೇ ಬರಲೊಲ್ಲದೆ ಸೋಪು ಬೇಕಾಯಿತು. ಅದನ್ನು ನೋಡಿಯೂ ಹೋದೆ.

ಏಳನೇ ತಿಂಗಳಲ್ಲಿ ಒಂದು ಬೆಳಗ್ಗೆ ಅತ್ತಿಗೆ ಒಲೆ ಮುಂದೆ ಗೋಡೆ ಹಿಡಿದು ನಿಂತಿದ್ದಳು. ಮುಖ ಊದಿತ್ತು, ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು. "ಕಣ್ಣು ಮಂಜಾಗ್ತಿದೆ ಕಣೇ" ಅಂದಳು. ಅಣ್ಣ ಆಗಲೇ ತೋಟಕ್ಕೆ ಹೋಗಿದ್ದ. ಪೇಟೆಗೆ ಹೊರಟಿದ್ದ ಎಸ್ಟೇಟಿನ ಲಾರಿ ನಿಲ್ಲಿಸಿ, ಅವಳನ್ನು ಮುಂದೆ ಡ್ರೈವರ್ ಪಕ್ಕ ಕೂರಿಸಿ, ನಾನೂ ಹತ್ತಿದೆ.

ಆಸ್ಪತ್ರೆಯಲ್ಲಿ ಕಾಂಪೌಂಡರ್ ಅವಳ ಹೆಸರು ಕೇಳಿದ. ಅತ್ತಿಗೆ ನನ್ನ ಮುಖ ನೋಡಿದಳು. ಆಗಲೂ ಅವಳು ಹೇಳುತ್ತಿರಲಿಲ್ಲ. ನಾನು ನೆಟ್ಟಗೆ ಡಾಕ್ಟರ ಕೋಣೆಗೆ ಹೋಗಿ ತಲೆಯ ಮೇಲಿನ ಸೆರಗು ತೆಗೆದು ನಿಂತೆ.

"ಸಾರ್, ರೈಟರ ಹೆಂಡತಿ ನಾನಲ್ಲ. ತಂಗಿ. ಹೆಂಡತಿ ಹೊರಗಿದ್ದಾಳೆ, ಬಸುರಿ. ಕಣ್ಣು ಕಾಣ್ತಿಲ್ಲವಂತೆ."

ಅವರು ನನ್ನನ್ನು ಬೈಯಲಿಲ್ಲ. ನನ್ನನ್ನು ದಾಟಿಕೊಂಡು ಹೊರಗೆ ಓಡಿದರು. ಅತ್ತಿಗೆಯನ್ನು ಅಲ್ಲೇ ಇರಿಸಿಕೊಂಡರು. ಸಂಜೆ ಕರೆದು, "ನಾನು ಮ್ಯಾನೇಜರಿಗೆ ಬರೆಯಲೇಬೇಕು, ಎಂತ ಮಾಡುದು" ಎಂದರು.

ಅಣ್ಣನಿಗೆ ಆಫೀಸಿನಲ್ಲಿ ಎಲ್ಲರ ಮುಂದೆ ಛೀಮಾರಿಯಾಯಿತು. ಕೆಲಸ ಉಳಿಯಿತು. ಅವನು ಮನೆಗೆ ಬಂದು ನನ್ನ ಮೇಲೆ ಕೈ ಎತ್ತಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದಲೇ ಅತ್ತಿಗೆ ಅವನಿಗೆ, "ಬುದ್ಧಿ ಹೇಳಿಕೊಟ್ಟವಳು ನಾನು. ಅವಳನ್ನು ಅನ್ನಬೇಡಿ" ಎಂದಳಂತೆ. ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಒಳ್ಳೆಯತನದಲ್ಲಾದರೂ ಅವಳು ನನಗೆ ಸ್ವಲ್ಪ ಜಾಗ ಬಿಡಬಾರದಿತ್ತೇ ಅನಿಸಿತು.

ಹೆಣ್ಣು ಮಗು ಒಂದು ತಿಂಗಳು ಮುಂಚೆಯೇ ಹುಟ್ಟಿತು. ಸಣ್ಣದು, ಆದರೆ ಉಳಿಯಿತು. ಅತ್ತಿಗೆಯೂ ಉಳಿದಳು.

ನನ್ನ ಔಷಧ ನಿಂತಿತು. ಮೂರು ತಿಂಗಳಾದ ಮೇಲೆ ಬೋಳಿನಲ್ಲಿ ನವಿರು ಮೂಡಿತು, ಮುದುಕಿಯ ಕೂದಲಿನ ಹಾಗೆ ಬೆಳ್ಳಗೆ. ಆಮೇಲೆ ನಿಧಾನವಾಗಿ ಕಪ್ಪಾಯಿತು. ಹಿಂದೆ ಸವರಿದ ಔಷಧದಿಂದ ಬಂತೋ, ತಾನಾಗೇ ಬಂತೋ, ಇವತ್ತಿಗೂ ಗೊತ್ತಿಲ್ಲ. ಅದೇ ದಿನಗಳಲ್ಲಿ ಬಾಣಂತಿಯ ಕೂದಲು ಉದುರತೊಡಗಿತು. ಬಾಚಿದರೆ ಮುಷ್ಟಿ ಮುಷ್ಟಿ ಬರುತ್ತಿತ್ತು. ಅವಳು ಆ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು, "ನನಗೂ ನಿನ್ನ ಹಾಗೇ ಆಗುತ್ತಾ?" ಎಂದು ಕೇಳಿದಳು.

ಬಾಣಂತಿಯರಿಗೆ ಹಾಗಾಗುವುದು, ವರ್ಷದೊಳಗೆ ತಿರುಗಿ ಬರುವುದು ನನಗೆ ಗೊತ್ತಿತ್ತು. ನಮ್ಮವ್ವನಿಗೂ ಆಗಿತ್ತಂತೆ. ಆದರೂ "ಯಾರಿಗೆ ಗೊತ್ತು ಅತ್ತಿಗೆ" ಅಂದೆ. ಎರಡು ದಿನ ಅವಳು ಕನ್ನಡಿ ಮುಂದೆ ಬೈತಲೆ ಅಗಲಿಸಿ ಅಗಲಿಸಿ ನೋಡಿಕೊಂಡಳು. ಆ ಎರಡು ದಿನ ನನಗೆ ಹೊಟ್ಟೆ ತುಂಬ ಊಟ ಸೇರಿತು. ಮೂರನೆಯ ದಿನ ಮಗುವಿಗೆ ಎಣ್ಣೆ ಹಚ್ಚುತ್ತ ನಿಜ ಹೇಳಿಬಿಟ್ಟೆ.

"ಮೊದಲೇ ಯಾಕೆ ಹೇಳಲಿಲ್ಲ?" ಅಂದಳು.

"ಹೇಳಬೇಕು ಅನಿಸಲಿಲ್ಲ."

ಅತ್ತಿಗೆ ಮಗುವನ್ನು ನನ್ನ ಕಾಲ ಮೇಲಿಂದ ಎತ್ತಿಕೊಂಡಳು. ಮೊದಲ ಸಲ ನನ್ನ ಮೇಲೆ ಅವಳಿಗೆ ಸಿಟ್ಟು ಬಂದದ್ದು ಕಂಡಿತು. ವಾರವಿಡೀ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ವಿಚಿತ್ರವೆಂದರೆ ಆ ವಾರ ಕಳೆದ ಮೇಲೆಯೇ ನಾವಿಬ್ಬರೂ ಒಬ್ಬರಿಗೊಬ್ಬರು ಮುಚ್ಚಿಡದೆ ಮಾತಾಡಲು ಕಲಿತದ್ದು. ಎರಡು ವರ್ಷದ ಮೇಲೆ ನನಗೆ ಕುಶಾಲನಗರದ ಕಡೆ ಮದುವೆಯಾಯಿತು. ಆ ಹೊತ್ತಿಗೆ ಅವಳ ಜಡೆ ಮತ್ತೆ ದಪ್ಪಗಾಗಿತ್ತು, ಬೋಳಿನಲ್ಲಿ ಬಂದ ನನ್ನ ಹೊಸ ಕೂದಲು ಭುಜ ದಾಟಿರಲಿಲ್ಲ. ಹಸೆಗೆ ಕೂರಿಸುವ ಮುಂಚೆ ಚೌಲಿ ಸೇರಿಸಿ ನನ್ನ ತಲೆ ಕಟ್ಟಿದವಳು ಅವಳೇ. ಹೂವು ಮುಡಿಸುವಾಗ, "ಇಷ್ಟು ಎಳೀಬೇಡ, ನೋಯುತ್ತೆ" ಎಂದು ನಾನು ಗದರಿದೆ. "ನೋಯಲಿ ಬಿಡು" ಅಂದಳು.