ನೂರೆಂಬತ್ತಮೂರು ದಿನ ಮತ್ತು ನನ್ನ ಬಿಟ್ಟಿ ಸಲಹೆ

ಕಳೆದ ವಾರ ಟ್ಯಾಕ್ಸ್ ಆಫೀಸಿನ ಕೌಂಟರ್ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದೆ. ಟ್ಯಾಕ್ಸ್ ನನ್ನದಲ್ಲ, ಹರಿಣಾಕ್ಷಿಯದು. ತಪ್ಪು ಮಾತ್ರ ನನ್ನದು.

ಹರಿಣಾಕ್ಷಿ ಉಡುಪಿಯವಳು. ಈ ಪರದೇಶದಲ್ಲಿ, ಟ್ಯಾಂಪಿನೀಸ್‌ನ ನಮ್ಮ ಫ್ಲಾಟುಗಳ ಬ್ಲಾಕಿನಲ್ಲೇ ಇದ್ದಾಳೆ. ಕಳೆದ ವರ್ಷ ಜೂನ್ ಒಂದರಂದು ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನಾನು ಬ್ಯಾಂಕಿನವನು. ಬ್ಯಾಂಕಿನವನಿಗೆ ಟ್ಯಾಕ್ಸ್ ಗೊತ್ತಿರಲೇಬೇಕು ಎಂಬುದು ಬ್ಲಾಕಿನವರ ನಂಬಿಕೆ. (ನನಗೂ ಹಾಗೇ ಅನ್ನಿಸಿಬಿಟ್ಟಿತ್ತು.)

ಅಕ್ಟೋಬರ್‌ನಲ್ಲಿ ಅವಳ ತಂಗಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ತಾಯಿ ಇಲ್ಲ, ತಂಗಿಯ ಗಂಡ ಹಡಗಿನಲ್ಲಿ. ಹರಿಣಾಕ್ಷಿ ಒಂದು ತಿಂಗಳು ರಜೆ ಹಾಕಿ ಓಡಿದಳು. ರಜೆ ಮುಗಿಯುತ್ತ ಬಂದರೂ ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ಊರಿಂದ ನನಗೆ ಫೋನ್ ಮಾಡಿದಳು.

“ಅಂಕಲ್, ಬಾಸ್ ಇನ್ನೆರಡು ವಾರ ಲೀವ್ ಕೊಡ್ತಾರಂತೆ. ಟ್ಯಾಕ್ಸ್‌ಗೇನಾದ್ರೂ ಪ್ರಾಬ್ಲಮ್ ಆಗುತ್ತಾ?”

ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದಲ್ಲಿ ನೂರೆಂಬತ್ತಮೂರು ದಿನ ಇಲ್ಲಿದ್ದರೆ ರೆಸಿಡೆಂಟ್. ಕಡಿಮೆಯಾದರೆ ನಾನ್-ರೆಸಿಡೆಂಟ್, ಅವಳಂಥವರಿಗೆ ಟ್ಯಾಕ್ಸ್ ಜಾಸ್ತಿ. ನನಗೆ ಗೊತ್ತಿದ್ದದ್ದು ಇಷ್ಟೇ. ಕ್ಯಾಲೆಂಡರ್ ತೆಗೆದು, ಊರಲ್ಲಿದ್ದ ದಿನಗಳನ್ನೆಲ್ಲ ಕಳೆದೆ.

“ಇನ್ನೊಂದು ದಿನಾನೂ ಇರೋ ಹಾಗಿಲ್ಲ. ಬಂದ್ಬಿಡಮ್ಮ” ಎಂದೆ. ಎಷ್ಟು ಗತ್ತಿನಿಂದ ಹೇಳಿದೆನೆಂದರೆ, ಪಾಪ, ಅವಳು ಮತ್ತೊಬ್ಬರನ್ನು ಕೇಳಲೇ ಇಲ್ಲ.

ಬಂದಳು. ಅವಳು ಬಂದ ಐದನೇ ದಿನ ಮಗುವನ್ನು ಪೆಟ್ಟಿಗೆಯಿಂದ ತೆಗೆದು ತಾಯಿಯ ಮಡಿಲಿಗೆ ಕೊಟ್ಟರು.

ಈಗ ರಿಟರ್ನ್ ತುಂಬುವ ಸಮಯ. ಫಾರ್ಮ್ ಹಿಡಿದು ಇಬ್ಬರೂ ಹೋದೆವು. ಕೌಂಟರಿನಲ್ಲಿದ್ದ ಚೀನೀ ಮಹಿಳೆ ಅವಳ ಪಾಸ್‌ಪೋರ್ಟ್ ತಿರುವಿದರು. ಆ ಒಂದು ತಿಂಗಳು ಕೆಲಸ ಬಿಟ್ಟಿದ್ದೆಯಾ ಎಂದು ಕೇಳಿದರು.

“ಇಲ್ಲ, ಲೀವ್.”

“ಲೀವ್ ಆಲ್ಸೋ ಕೌಂಟ್, ಲಾ!” ಎಂದರು ಆಕೆ, ಇಲ್ಲಿನವರ ರಾಗದಲ್ಲಿ.

ಕೆಲಸದಲ್ಲಿದ್ದುಕೊಂಡು ಹಾಕಿದ ರಜೆಯೂ ಇಲ್ಲಿದ್ದ ದಿನಗಳ ಲೆಕ್ಕಕ್ಕೇ ಸೇರುತ್ತದಂತೆ.

ಹರಿಣಾಕ್ಷಿ ಮೆಲ್ಲಗೆ ಕೇಳಿದಳು: ಇನ್ನೆರಡು ವಾರ ಇದ್ದಿದ್ದರೆ?

“ನೋ ಪ್ರಾಬ್ಲಮ್.”

ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಅವಳ ಪಕ್ಕ ಕೂತೆ. “ಸಾರಿ ಕಣಮ್ಮ” ಎಂದೆ.

“ನೀವು ಒಳ್ಳೇದಕ್ಕೇ ಹೇಳಿದ್ರಿ ಅಂಕಲ್. ನಾನೂ ಟ್ಯಾಕ್ಸ್ ಆಫೀಸಿಗೇ ಒಂದು ಫೋನ್ ಮಾಡ್ಬಹುದಿತ್ತು.” ಕಿಟಕಿಯ ಕಡೆ ತಿರುಗಿದಳು. “ಮಗುವನ್ನ ಒಂದು ಸಲವೂ ಎತ್ಕೊಳ್ದೇ ಬಂದೆ, ಅಷ್ಟೇ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ತಿಂಗಳಿಗೆ ಟಿಕೆಟ್ ಬುಕ್ ಮಾಡಿದ್ದಾಳೆ. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ.

ಮೊನ್ನೆ ಬ್ಲಾಕಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್‌ನಲ್ಲಿ ಇನ್ನೊಬ್ಬರು ತಡೆದು ಟ್ಯಾಕ್ಸಿನದೇ ಏನೋ ಕೇಳಿದರು. ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕಷ್ಟಪಟ್ಟು ನುಂಗಿಕೊಂಡೆ.

‘ನನಗೆ ಗೊತ್ತಿಲ್ಲ’ ಎಂದುಬಿಡಲು ನಮಗೆ ಯಾಕಿಷ್ಟು ನಾಚಿಕೆ?